ಕ್ಲೋಬೆಟಾಸಾಲ್ ಹಚ್ಚುತ್ತಿರುವ ಅಮ್ಮನ ಮುಖ ಊದಿದೆ, ಇವತ್ತೇ ನಿಲ್ಲಿಸಲೇ?

ಪ್ರಶ್ನೆ: ಅಮ್ಮನಿಗೆ ಸೋರಿಯಾಸಿಸ್. ಮೊಣಕಾಲು, ಮೊಣಕೈ, ಸೊಂಟಕ್ಕೆಲ್ಲ ತಿಂಗಳುಗಟ್ಟಲೆಯಿಂದ ಕ್ಲೋಬೆಟಾಸಾಲ್ ಎಂಬ ಪ್ರಬಲ ಸ್ಟೀರಾಯ್ಡ್ ಆಯಿಂಟ್‌ಮೆಂಟ್ ಹಚ್ಚುತ್ತಿದ್ದಾರೆ. ಈಚೆಗೆ ಮುಖ ದುಂಡಗೆ ಊದಿಕೊಂಡಿದೆ, ಸ್ವಲ್ಪ ತಗುಲಿದರೂ ಚರ್ಮ ನೀಲಿಗಟ್ಟುತ್ತದೆ, ಸಕ್ಕರೆ ಏರಿದೆ. ಬರೀ ಮೈಗೆ ಹಚ್ಚುವುದರಿಂದ ಇಷ್ಟೆಲ್ಲ ಆಗುತ್ತದೆಯೇ? ಅನುಭವ ಇರುವವರು ಹೇಳಿ.

ಉತ್ತರ 1: ಆಗುತ್ತದೆ, ನಮ್ಮಣ್ಣನಿಗೆ ಆಗಿತ್ತು. ಆದರೆ ದಯವಿಟ್ಟು ಏಕಾಏಕಿ ನಿಲ್ಲಿಸಬೇಡಿ, ಇವತ್ತೇ ವೈದ್ಯರಿಗೆ ಫೋನ್ ಮಾಡಿ. ಸ್ಟೀರಾಯ್ಡ್ ಚರ್ಮದ ಮೂಲಕ ರಕ್ತಕ್ಕೆ ಸೇರುತ್ತಲೇ ಇದ್ದರೆ, ಕಾರ್ಟಿಸಾಲ್ (ದೇಹದ ಸ್ವಂತ ಸ್ಟೀರಾಯ್ಡ್ ಹಾರ್ಮೋನ್) ತಯಾರಿಸುವ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ಮಿದುಳಿನಿಂದ ಬರುವ ಆಜ್ಞೆ ಕಡಿಮೆಯಾಗಿ ಅದು ಮಂಕಾಗುತ್ತದೆ. ಆಗ ಹೊರಗಿನ ಪೂರೈಕೆಯೂ ತಟ್ಟನೆ ನಿಂತರೆ ಬಿಪಿ ಕುಸಿಯುವ ಅಪಾಯವಿದೆ.

ಅಣ್ಣ ರಾತ್ರಿ ಕಾಲಿಗೆ ಆಯಿಂಟ್‌ಮೆಂಟ್ ಹಚ್ಚಿ ಮೇಲೆ ಪ್ಲಾಸ್ಟಿಕ್ ಸುತ್ತುತ್ತಿದ್ದ. ಹಾಗೆ ಮುಚ್ಚಿದರೆ ಒಳಗೆ ಇಳಿಯುವ ಪ್ರಮಾಣ ಹಲವು ಪಟ್ಟು ಹೆಚ್ಚುತ್ತದೆ ಅಂತ ಯಾರೂ ಹೇಳಿರಲಿಲ್ಲ. ಹೊಟ್ಟೆ ಬಂತು, ತೊಡೆ ಮಾತ್ರ ಸೊರಗಿತು. ನೆಲದ ಮೇಲೆ ಕೂತರೆ ಕೈ ಊರದೆ ಏಳಲು ಆಗುತ್ತಿರಲಿಲ್ಲ. ತೂಕ ಹೆಚ್ಚಿದ್ದಕ್ಕೆ ಸುಸ್ತು ಎಂದೇ ಎಲ್ಲರೂ ತಿಳಿದಿದ್ದೆವು. ಬೆಳಿಗ್ಗೆ 8ರ ಸುಮಾರಿಗೆ ರಕ್ತ ತೆಗೆದು ಕಾರ್ಟಿಸಾಲ್ ನೋಡಿದಾಗ ತೀರಾ ಕಡಿಮೆ ಇತ್ತು. ಎಂಡೊಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ಕಾರ್ಟಿಸಾಲ್‌ಗೆ ಬದಲಾಗಿ ಹೈಡ್ರೊಕಾರ್ಟಿಸೋನ್ ಮಾತ್ರೆ ಕೊಟ್ಟು ನಿಧಾನಕ್ಕೆ ಇಳಿಸಿದರು. ಸರಿಹೋಗಲು ತಿಂಗಳುಗಳೇ ಹಿಡಿದವು, ಆದರೆ ಸರಿಹೋಯಿತು. ಧೈರ್ಯವಾಗಿರಿ.

ಉತ್ತರ 2: ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅದೇ ಟ್ಯೂಬನ್ನು ಅವರಿಗೆ ಹಚ್ಚಬೇಡಿ. ಮಕ್ಕಳ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತೀರ್ಣ ಹೆಚ್ಚು. ಡೈಪರ್ ಇದ್ದರಂತೂ ಅದೇ ಪ್ಲಾಸ್ಟಿಕ್ ಸುತ್ತಿದ ಹಾಗೆ. ನನ್ನ ಅಕ್ಕನ ಮಗುವಿಗೆ ಡೈಪರ್ ಜಾಗಕ್ಕೆ ಇಂಥದ್ದೇ ಮುಲಾಮು ಹಚ್ಚಿ ಕೆನ್ನೆಯೆಲ್ಲ ಊದಿತ್ತು.

ಉತ್ತರ 3: ನಾನು ಚರ್ಮರೋಗ ವಿಭಾಗದಲ್ಲಿ ನರ್ಸ್. ವೈದ್ಯರು ಮೊದಲು ಕೇಳುವುದೇ ‘ಎಷ್ಟು ಹಚ್ಚುತ್ತೀರಿ?’ ಅಂತ. ‘ಸ್ವಲ್ಪ’ ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದ್ದು ಸುಮಾರು ಅರ್ಧ ಗ್ರಾಂ. ದೊಡ್ಡವರ ಎರಡು ಅಂಗೈಯಷ್ಟು (ಬೆರಳೂ ಸೇರಿ) ಜಾಗಕ್ಕೆ ಅದು ಸಾಕು. ಕ್ಲೋಬೆಟಾಸಾಲ್ 0.05% ಆಯಿಂಟ್‌ಮೆಂಟ್ ವಾರಕ್ಕೆ 50 ಗ್ರಾಂ ಮೀರಬಾರದು, ಸತತವಾಗಿ ಎರಡು ವಾರಕ್ಕಿಂತ ಹೆಚ್ಚು ಬಳಸಬಾರದು ಎನ್ನುವುದು ಸಾಮಾನ್ಯ ಮಿತಿ. ದಿನಕ್ಕೆ 2 ಗ್ರಾಂ ಹಚ್ಚಿದರೂ ಕೆಲವರಲ್ಲಿ ಗ್ರಂಥಿ ಮಂಕಾಗಬಹುದು. ಖಾಲಿ ಟ್ಯೂಬ್‌ಗಳಿದ್ದರೆ ಎಸೆಯದೆ ತೆಗೆದುಕೊಂಡು ಹೋಗಿ. ತಿಂಗಳಿಗೆ ಎಷ್ಟು ಮುಗಿಯುತ್ತದೆ ಅನ್ನುವುದೇ ಸರಿಯಾದ ಲೆಕ್ಕ. ಕಂಕುಳು, ತೊಡೆಸಂದು, ಮುಖಕ್ಕೂ ಹಚ್ಚುತ್ತಿದ್ದರೆ ಮುಚ್ಚಿಡದೆ ಹೇಳಿ, ಅಲ್ಲಿ ಚರ್ಮ ತೆಳು, ಬೇಗ ಹೀರುತ್ತದೆ.

ವಾಂತಿ, ತಲೆಸುತ್ತು, ತೀವ್ರ ನಿಶ್ಶಕ್ತಿ, ಮಂಪರು ಕಂಡರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ಜ್ವರ ಬಂದರೂ, ಹಲ್ಲು ಕೀಳಿಸುವುದಿದ್ದರೂ, ಆಪರೇಷನ್ ಇದ್ದರೂ ಸ್ಟೀರಾಯ್ಡ್ ವಿಷಯ ಮೊದಲೇ ತಿಳಿಸಿ.

ಪ್ರಶ್ನೆ ಕೇಳಿದವರು: ನಾಳೆ ಬೆಳಿಗ್ಗೆಯೇ ರಕ್ತಪರೀಕ್ಷೆಗೆ ಬರಲು ಹೇಳಿದ್ದಾರೆ. ಸಕ್ಕರೆ ಮಾತ್ರೆ ಹಾಗೇ ಮುಂದುವರಿಸಬಹುದೇ?

ಉತ್ತರ 3: ಈಗ ಮುಂದುವರಿಸಿ. ಸ್ಟೀರಾಯ್ಡ್ ಇಳಿಯುತ್ತಾ ಹೋದಂತೆ ಸಕ್ಕರೆಯೂ ಇಳಿಯಬಹುದು, ಆಗ ಅದೇ ಡೋಸ್ ಜಾಸ್ತಿಯಾಗಿಬಿಡುತ್ತದೆ. ಎಷ್ಟು ದಿನಕ್ಕೊಮ್ಮೆ ಸಕ್ಕರೆ ನೋಡಬೇಕು ಅಂತ ನಾಳೆಯೇ ಕೇಳಿಕೊಂಡು ಬನ್ನಿ.