ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಮರುದಿನದ ಗ್ರೂಪ್ ಪ್ರಶ್ನೋತ್ತರ: ಕಾಫಿ ಕುಡಿದರೆ ಹ್ಯಾಂಗೋವರ್ ಇಳಿಯುತ್ತಾ?

ಪೊನ್ನಂಪೇಟೆ ಸದಸ್ಯ: ಡಾಕ್ಟ್ರೇ, ನಮಸ್ಕಾರ. ನಿನ್ನೆ ಪುತ್ತರಿಗೆ ಐನ್‌ಮನೆಯಲ್ಲಿ (ಕುಟುಂಬದ ಮೂಲ ಮನೆ) ಎಲ್ಲರೂ ಸೇರಿದ್ದೆವು. ರಾತ್ರಿ ಸ್ವಲ್ಪ ಜಾಸ್ತಿಯೇ ಆಯಿತು. ಈಗ ತಲೆ ಸಿಡಿಯುತ್ತಿದೆ. ಅತ್ತೆ ಬೆಲ್ಲದ ಕಪ್ಪು ಕಾಫಿ ಮಾಡಿಕೊಟ್ಟಿದ್ದಾರೆ. ಕುಡಿದರೆ ಇಳಿಯುತ್ತಾ?

ಡಾಕ್ಟರ್: ನಮಸ್ಕಾರ. ಇಲ್ಲ, ಕಾಫಿಯಿಂದ ಹ್ಯಾಂಗೋವರ್ ಇಳಿಯುವುದಿಲ್ಲ. ಕುಡಿದದ್ದನ್ನು ಕರಗಿಸುವುದು ಲಿವರ್. ಗಂಟೆಗೆ ಸುಮಾರು 30 ಎಂ.ಎಲ್.ನ ಒಂದು ಪೆಗ್, ಅಷ್ಟೇ ಅದರ ವೇಗ. ಕಾಫಿ ಕೊಟ್ಟರೂ ಅದು ಅವಸರ ಮಾಡುವುದಿಲ್ಲ. ಆದರೆ ದಿನಾ ಬೆಳಿಗ್ಗೆ ಕಾಫಿ ಕುಡಿಯುವವರಿಗೆ ಒಂದು ದಿನ ತಪ್ಪಿದರೂ ತಲೆನೋವು ಬರಬಹುದು. ಕೊಡಗಿನಲ್ಲಿ ಯಾರಿಗೆ ಆ ಅಭ್ಯಾಸ ಇಲ್ಲ ಹೇಳಿ? ಕಾಫಿ ತೆಗೆಯುವುದು ಆ ತಲೆನೋವನ್ನು. ಅದಕ್ಕೇ ‘ಇಳಿಯಿತು’ ಅನ್ನಿಸುತ್ತದೆ. ಮೊದಲು ನೀರು ಕುಡಿಯಿರಿ. ಮಿಕ್ಕ ತಂಬಿಟ್ಟೋ ಗಂಜಿಯೋ ಏನಾದರೂ ತಿನ್ನಿ. ಆಮೇಲೆ ನಿಮ್ಮ ಎಂದಿನ ಒಂದು ಲೋಟ ಕಾಫಿ. ಬರೀ ಹೊಟ್ಟೆಗೆ ಬೇಡ, ಉರಿ ಜಾಸ್ತಿಯಾಗುತ್ತದೆ.

ಗೋಣಿಕೊಪ್ಪ ಸದಸ್ಯ: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ ಆಗಲಿ: ‘ಕಪ್ಪು ಕಾಫಿಗೆ ಒಂದು ನಿಂಬೆಹಣ್ಣು ಹಿಂಡಿ, ಜೊತೆಗೆ ಎರಡು ಪ್ಯಾರಸಿಟಮಾಲ್ ನುಂಗಿ. 10 ನಿಮಿಷದಲ್ಲಿ ಹ್ಯಾಂಗೋವರ್ ಮಾಯ.’

ಡಾಕ್ಟರ್: ಇದನ್ನು ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ನಿಂಬೆಯಿಂದ ಹೊಟ್ಟೆ ಉರಿ ಹೆಚ್ಚಬಹುದು, ಬೇರೇನೂ ಆಗುವುದಿಲ್ಲ. ಭಯ ಇರುವುದು ಮಾತ್ರೆಯದು. ದಿನಾ ಕುಡಿಯುವವರ ಲಿವರ್‌ಗೆ ಪ್ಯಾರಸಿಟಮಾಲ್ ಪೆಟ್ಟು ಕೊಡಬಹುದು. ಬ್ರೂಫೆನ್, ಡೈಕ್ಲೋಫೆನಾಕ್ ನುಂಗಿದರೆ ಹೊಟ್ಟೆಯೊಳಗೆ ರಕ್ತ ಬರಬಹುದು. ಕೇಳದೆ ನುಂಗಬೇಡಿ.

ಕುಶಾಲನಗರ ಸದಸ್ಯ: ಮೇಡಂ, ಕಾಫಿ ಕುಡಿದರೆ ಹ್ಯಾಂಗೋವರ್ ಹೋಗುತ್ತಾ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಸುಂಟಿಕೊಪ್ಪ ಸದಸ್ಯೆ: ಮೇಡಂ, ನಮ್ಮ ಮಾವನಿಗೆ 61 ವರ್ಷ. ಇಪ್ಪತ್ತು ವರ್ಷದಿಂದ ದಿನಾ ಕುಡಿಯುತ್ತಿದ್ದರು. ಈ ಸಲ ಪುತ್ತರಿಗೆ ಮುಟ್ಟುವುದೇ ಇಲ್ಲ ಅಂತ ಹೇಳಿ ಮೊನ್ನೆ ರಾತ್ರಿಗೆ ನಿಲ್ಲಿಸಿದರು. ನಮಗೆಲ್ಲ ಖುಷಿಯಾಗಿತ್ತು. ಇವತ್ತು ಕೈ ನಡುಗಿ ಕಾಫಿ ಲೋಟವನ್ನೇ ಹಿಡಿಯಲು ಆಗಲಿಲ್ಲ, ಮೈಮೇಲೆ ಚೆಲ್ಲಿಕೊಂಡರು. ಈ ಚಳಿಯಲ್ಲೂ ಬೆವರುತ್ತಿದ್ದಾರೆ. ರಾತ್ರಿ ನಿದ್ದೆ ಇಲ್ಲ. ಹ್ಯಾಂಗೋವರ್ ಇರಬೇಕು ಅಂತ ಎರಡು ಲೋಟ ಸ್ಟ್ರಾಂಗ್ ಕಾಫಿ ಕುಡಿಸಿದೆ.

ಡಾಕ್ಟರ್: ಅಮ್ಮಾ, ಇದು ಹ್ಯಾಂಗೋವರ್ ಅಲ್ಲ. ಹ್ಯಾಂಗೋವರ್ ಬರುವುದು ಕುಡಿದದ್ದರಿಂದ. ಇದು ಬಂದಿರುವುದು ಕುಡಿಯುವುದನ್ನು ಒಮ್ಮೆಲೇ ನಿಲ್ಲಿಸಿದ್ದರಿಂದ.

ಮದ್ಯ ಮೆದುಳನ್ನು ಮಂದ ಮಾಡುತ್ತದೆ. ವರ್ಷಗಟ್ಟಲೆ ಹೀಗೆ ಆದರೆ ಮೆದುಳು ಅದಕ್ಕೆ ಎದುರಾಗಿ ತನ್ನನ್ನೇ ಚುರುಕು ಮಾಡಿಕೊಂಡಿರುತ್ತದೆ. ಮದ್ಯ ತಟ್ಟನೆ ನಿಂತಾಗ ಆ ಚುರುಕು ಹಾಗೇ ಉಳಿಯುತ್ತದೆ, ತಡೆಯುವವರು ಯಾರೂ ಇಲ್ಲ. ಅದಕ್ಕೇ ನಡುಕ, ಬೆವರು, ನಿದ್ದೆ ಇಲ್ಲದಿರುವುದು. ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಕೆಲವರಿಗೆ ಗೊಂದಲವಾಗುತ್ತದೆ, ಇಲ್ಲದ್ದೆಲ್ಲ ಕಾಣುತ್ತದೆ, ಜ್ವರ ಏರುತ್ತದೆ. ಅದರಲ್ಲಿ ಜೀವ ಹೋಗಬಹುದು. ನಿಮ್ಮ ಮಾವನಿಗೆ ಈಗ ಸುಮಾರು 36 ಗಂಟೆ ಆಗಿದೆ.

ಕಾಫಿ ಇನ್ನು ಕೊಡಬೇಡಿ. ಎದೆಬಡಿತ, ನಿದ್ದೆಗೇಡು ಎರಡನ್ನೂ ಹೆಚ್ಚಿಸುತ್ತದೆ. ಈಗಲೇ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಗಾಡಿ ಸಿಗದಿದ್ದರೆ 108. ಹತ್ತಿರ ಎಲ್ಲೋ ಸುಮ್ನೆ ಒಂದು ಗ್ಲೂಕೋಸ್ ಡ್ರಿಪ್ ಹಾಕಿಸಿ ವಾಪಸ್ ತರಬೇಡಿ. ದಿನಾ ಕುಡಿಯುವವರಲ್ಲಿ ಬಿ1 ಜೀವಸತ್ವ ಕಡಿಮೆ ಇರುತ್ತದೆ. ಅದನ್ನು ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ ಮೆದುಳಿಗೆ ಹಾನಿ ಆಗಬಹುದು. ದಾರಿಯಲ್ಲಿ ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ. ಬಾಯಿಗೆ ಏನೂ ಹಾಕಬೇಡಿ. ಕೈಗೆ ಬೀಗದ ಕೈ ಹಿಡಿಸುವುದೂ ಬೇಡ, ಅದರಿಂದ ಏನೂ ನಿಲ್ಲುವುದಿಲ್ಲ.

ಅವರು ಬಿಡಬೇಕು ಅಂದುಕೊಂಡದ್ದು ಒಳ್ಳೆಯದು. ಬೈಯಬೇಡಿ. ಆದರೆ ಇಷ್ಟು ವರ್ಷ ಕುಡಿದವರು ಡಾಕ್ಟರ ಕಣ್ಣಳತೆಯಲ್ಲೇ ಬಿಡಬೇಕು.

ಸೋಮವಾರಪೇಟೆ ಸದಸ್ಯ: ಕಾಫಿ ಅಂದರೆ ಯಾವ ಕಾಫಿ ಅನ್ನುವುದೂ ಮುಖ್ಯ ಅಲ್ವಾ? ನಮ್ಮ ಅರೇಬಿಕಾ ಕುಡಿದರೆ ತಲೆ ಹಗುರವಾಗುತ್ತದೆ.

ಸಿದ್ದಾಪುರದ ತೋಟದ ರೈಟರ್ (ಲೆಕ್ಕ ಬರೆಯುವವರು): ಅಣ್ಣಾ, ರೊಬಸ್ಟಾದಲ್ಲಿ ಕೆಫೀನ್ ಹೆಚ್ಚುಕಮ್ಮಿ ಎರಡರಷ್ಟು. ತಲೆನೋವಿಗೆ ಅದೇ ಸರಿ.

ಸೋಮವಾರಪೇಟೆ ಸದಸ್ಯ: ಅರ್ಧ ಚಿಕೋರಿ ಬೆರೆಸಿ ಕುಡಿಯುವವರು ಕಾಫಿ ಬಗ್ಗೆ ಹೇಳಿಕೊಡುವುದು ಬೇಡ.

ಸಿದ್ದಾಪುರದ ತೋಟದ ರೈಟರ್: ನಾನು ಚಿಕೋರಿ ಹಾಕುತ್ತೇನೆ ಅಂತ ನಿಮಗೆ ಯಾರು ಹೇಳಿದರು? ಮೂವತ್ತು ವರ್ಷ ತೋಟದಲ್ಲೇ ಇದ್ದೇನೆ. ಮಾತು ನೋಡಿಕೊಂಡು ಆಡಿ.

ಪೊನ್ನಂಪೇಟೆ ಸದಸ್ಯ: ಮನೆಯಲ್ಲಿ ಮಾಡಿದ ದ್ರಾಕ್ಷಿ ವೈನ್ ಕುಡಿದರೆ ತಲೆನೋವು ಜಾಸ್ತಿ ಯಾಕೆ, ಡಾಕ್ಟ್ರೇ?

ಮಡಿಕೇರಿ ಸದಸ್ಯ: ನಾನು ಈಗ ಸಂಪಾಜೆ ಘಾಟಿ ಇಳಿದು ಸುಳ್ಯಕ್ಕೆ ಹೋಗಬೇಕು. ಬೆಳಗಿನ ಜಾವ ಮೂರರವರೆಗೆ ಕುಡಿದಿದ್ದೆ. ಎರಡು ಕಾಫಿ ಕುಡಿದು ಹೊರಟರೆ ಸಾಕಾ?

ಡಾಕ್ಟರ್: ಬೇಡ. ಕಾಫಿ ನಿದ್ದೆ ಓಡಿಸುತ್ತದೆ, ಅಮಲು ಇಳಿಸುವುದಿಲ್ಲ. ಎಚ್ಚರ ಇದ್ದೇನೆ ಅಂತ ನಿಮಗೆ ಅನ್ನಿಸುತ್ತದೆ, ಆದರೆ ತಿರುವಿನಲ್ಲಿ ಕೈಕಾಲು ತಡವಾಗುತ್ತದೆ. ಕಾನೂನಿನ ಮಿತಿ 100 ಎಂ.ಎಲ್. ರಕ್ತಕ್ಕೆ 30 ಮಿಲಿಗ್ರಾಂ. ಬೆಳಿಗ್ಗೆಯೂ ಅದಕ್ಕಿಂತ ಮೇಲಿರಬಹುದು. ಬಸ್ ಹತ್ತಿ.

ಗೋಣಿಕೊಪ್ಪ ಸದಸ್ಯ: ಸುಂಟಿಕೊಪ್ಪದ ಅಕ್ಕಾ, ಇಷ್ಟಕ್ಕೆಲ್ಲ ಆಸ್ಪತ್ರೆ ಯಾಕೆ? ಮಾವನಿಗೆ ಒಂದು ಪೆಗ್ ಕೊಡಿ, ನಡುಕ ನಿಲ್ಲುತ್ತದೆ. ಕಾಚಂಪುಳಿ (ಅಡುಗೆಗೆ ಹಾಕುವ ಹುಳಿ) ನೀರೂ ಒಳ್ಳೆಯದಂತೆ, ವಿಡಿಯೋ ಕಳಿಸುತ್ತೇನೆ.

ಡಾಕ್ಟರ್: ಕಳಿಸಬೇಡಿ. ನೀವು ಇವತ್ತು ಹಾಕಿದ ಎರಡನೇ ಅಪಾಯದ ಸಲಹೆ ಇದು. ಪೆಗ್‌ನಿಂದ ನಡುಕ ಸ್ವಲ್ಪ ಹೊತ್ತು ಕಡಿಮೆಯಾಗಬಹುದು, ಸುಳ್ಳಲ್ಲ. ಆದರೆ ಗೊಂದಲದಲ್ಲಿರುವವರಿಗೆ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಆಗ ನೀವು ಬಂದು ನೋಡುತ್ತೀರಾ?

ಗೋಣಿಕೊಪ್ಪ ಸದಸ್ಯ: ಒಳ್ಳೆಯದಕ್ಕೆ ಹೇಳಿದೆ ಮೇಡಂ. ಎಲ್ಲರ ಮುಂದೆ ಹೀಗೆ ಮಾತಾಡುವುದು ಸರಿಯಲ್ಲ.

ಕುಶಾಲನಗರ ಸದಸ್ಯ: ಹಾಗಾದರೆ ಹಾಲು ಹಾಕಿದ ಕಾಫಿ ಆಗುತ್ತಾ?

ಡಾಕ್ಟರ್: ಓದಿ.

ಡಾಕ್ಟರ್: ಸುಂಟಿಕೊಪ್ಪದವರು ಎಲ್ಲಿದ್ದೀರಿ? ಹೊರಟಿರಾ?

ಸೋಮವಾರಪೇಟೆ ಸದಸ್ಯ: ಚಿಕೋರಿಯಲ್ಲಿ ಕೆಫೀನ್ ಇಲ್ಲ ಅನ್ನುವುದನ್ನಾದರೂ ಒಪ್ಪುತ್ತೀರಾ, ರೈಟರೇ?

ಡಾಕ್ಟರ್: ಹೌದು, ಚಿಕೋರಿಯಲ್ಲಿ ಕೆಫೀನ್ ಇಲ್ಲ. ಈ ಜಗಳ ಇಬ್ಬರೂ ಬೇರೆ ಕಡೆ ಇಟ್ಟುಕೊಳ್ಳಿ. ಇಲ್ಲಿ ಒಬ್ಬರ ಉತ್ತರಕ್ಕೆ ಕಾಯುತ್ತಿದ್ದೇನೆ.

ಪೊನ್ನಂಪೇಟೆ ಸದಸ್ಯ: ವೈನ್ ಬಗ್ಗೆ ಕೇಳಿದ್ದೆ. ನಮ್ಮ ಪ್ರಶ್ನೆಗೆ ಬೆಲೆಯೇ ಇಲ್ಲ ಅಂತ ಕಾಣುತ್ತದೆ.

ಸುಂಟಿಕೊಪ್ಪ ಸದಸ್ಯೆ: ಮೇಡಂ, ಪಕ್ಕದ ಮನೆಯವರ ಜೀಪು ಬಂತು. ಗೋಡೆ ಮೇಲೆ ಇರುವೆ ಹರಿಯುತ್ತಿದೆ, ಒರೆಸು ಅನ್ನುತ್ತಿದ್ದಾರೆ ಮಾವ. ಗೋಡೆಯಲ್ಲಿ ಏನೂ ಇಲ್ಲ.

ಡಾಕ್ಟರ್: ಜೀಪಿನಲ್ಲಿ ಅವರ ಎರಡೂ ಪಕ್ಕಕ್ಕೆ ಒಬ್ಬೊಬ್ಬರು ಕೂರಿ, ಬಾಗಿಲ ಹತ್ತಿರ ಅವರನ್ನು ಬಿಡಬೇಡಿ. ‘ಇರುವೆ ಇಲ್ಲ’ ಅಂತ ವಾದ ಮಾಡಬೇಡಿ. ಅವರು ನುಂಗುವ ಮಾತ್ರೆಗಳನ್ನೆಲ್ಲ ಜೊತೆಗೆ ತನ್ನಿ. ಕ್ಯಾಷುಯಲ್ಟಿಯಲ್ಲಿ ಮೊದಲ ಮಾತೇ ಇದಾಗಿರಲಿ: ಇಪ್ಪತ್ತು ವರ್ಷ ದಿನಾ ಕುಡಿಯುತ್ತಿದ್ದರು, ಮೊನ್ನೆ ರಾತ್ರಿ ನಿಲ್ಲಿಸಿದ್ದಾರೆ. ನಾಚಿಕೆ ಪಟ್ಟು ಮುಚ್ಚಿಡಬೇಡಿ. ತಲುಪಿದ ಕೂಡಲೇ ನನಗೆ ತಿಳಿಸಿ.