ಪ್ರಶ್ನೋತ್ತರ: ಕ್ಯಾಂಪಸ್‌ಗೆ ಅತಿಥಿಯಾಗಿ ಬಂದವರ ಮೇಲೆ ಲೈಂಗಿಕ ಕಿರುಕುಳದ ದೂರು ಕೊಡಬಹುದಾ?

ಸಂಶೋಧನಾ ವಿದ್ಯಾರ್ಥಿನಿ: ಮೇಡಂ, ಐದು ವಾರದ ಹಿಂದೆ ನಮ್ಮ ವಿಭಾಗದ ವಿಚಾರ ಸಂಕಿರಣಕ್ಕೆ ಬೇರೆ ವಿವಿಯಿಂದ ಒಬ್ಬ ದೊಡ್ಡ ಪ್ರಾಧ್ಯಾಪಕರು ಬಂದಿದ್ದರು. ಸಂಜೆ ಸನ್ಮಾನದ ಶಾಲು, ಹಣ್ಣಿನ ಬುಟ್ಟಿ ಗೆಸ್ಟ್‌ಹೌಸ್‌ಗೆ ತಲುಪಿಸಲು ನನ್ನನ್ನು ಕಳಿಸಿದರು. ಬಾಗಿಲು ಹಾಕಿ ಮೈಮೇಲೆ ಕೈ ಹಾಕಿದರು. ತಳ್ಳಿ ಓಡಿ ಬಂದೆ. ಬುಟ್ಟಿ ಅಲ್ಲೇ ಬಿತ್ತು, ಮೂಸಂಬಿ ಮೆಟ್ಟಿಲವರೆಗೂ ಉರುಳಿ ಬಂದವು. ಮುಖ್ಯಸ್ಥರು "ಅವರು ನಮ್ಮ ನೌಕರರಲ್ಲ, ನಮ್ಮ ಸಮಿತಿಗೆ ಬರಲ್ಲ, ನ್ಯಾಕ್ ತಂಡ (ವಿವಿ ಗುಣಮಟ್ಟ ಅಳೆದು ಗ್ರೇಡ್ ಕೊಡುವವರು) ಬರೋ ಹೊತ್ತಲ್ಲಿ ಬೇಡ" ಅಂತಾರೆ. ನನ್ನ ಪ್ರಬಂಧದ ಮೌಲ್ಯಮಾಪಕರ ಪಟ್ಟಿಯಲ್ಲೂ ಅವರ ಹೆಸರಿದೆ.

ವಕೀಲೆ (ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿಗಳ ಹೊರ ಸದಸ್ಯೆ): ಮೊದಲು ಒಂದು ಮಾತು. ಅವರ ಹೆಸರು, ವಿವಿ ಹೆಸರು ಇಲ್ಲಿ ಬರೆಯಬೇಡಮ್ಮ.

ಮುಖ್ಯಸ್ಥರು ಹೇಳಿದ್ದು ತಪ್ಪು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2015ರ ನಿಯಮಗಳಲ್ಲಿ ಹೊರಗಿನಿಂದ ಬಂದವರ ಕಿರುಕುಳಕ್ಕೂ ವ್ಯಾಖ್ಯೆ ಇದೆ. ನೌಕರ ಅಲ್ಲ, ವಿದ್ಯಾರ್ಥಿಯೂ ಅಲ್ಲ, ಬೇರೆ ಕೆಲಸಕ್ಕೆ ಬಂದವರು ಅಂದರೂ ವಿವಿ ನಿಮ್ಮ ಜೊತೆ ನಿಲ್ಲಲೇಬೇಕು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 19ನೇ ಸೆಕ್ಷನ್ ಕೂಡ ಅದನ್ನೇ ಹೇಳುತ್ತದೆ. ನೀವು ಬಯಸಿದರೆ, ಹೊರಗಿನವರ ಮೇಲೂ ಪೊಲೀಸ್ ಕ್ರಮ ಶುರು ಮಾಡಿಸುವುದು ಸಂಸ್ಥೆಯ ಕೆಲಸ. ಇನ್ನೊಂದು ವಿಷಯ. ಆತ ಬೇರೆ ಕಡೆ ನೌಕರ ಅನ್ನುವ ಒಂದೇ ಕಾರಣಕ್ಕೆ ಹೆಣ್ಣುಮಗಳ ಸಂಸ್ಥೆಯ ಸಮಿತಿ ಕೈ ತೊಳೆದುಕೊಳ್ಳುವಂತಿಲ್ಲ ಅಂತ 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನನಗೆ ಭಯ ಇರುವುದು ಸಿಸಿಟಿವಿ ಬಗ್ಗೆ. ಹಳೆಯದರ ಮೇಲೆ ಹೊಸದು ಬಂದು ಅಳಿಸಿಹೋಗುತ್ತದೆ, ಐದು ವಾರ ಜಾಸ್ತಿಯೇ ಆಯಿತು. ಇವತ್ತೇ ಪತ್ರ ಕೊಡಿ. ಗೆಸ್ಟ್‌ಹೌಸ್ ದೃಶ್ಯ, ರಿಜಿಸ್ಟರ್, ವಾಹನದ ಲಾಗ್ ಪುಸ್ತಕ ತೆಗೆದಿಡಿ ಅಂತ ಬರೆಯಿರಿ. ನಿಮ್ಮನ್ನು ಅಲ್ಲಿಗೆ ಕಳಿಸಿದ ಮೆಸೇಜ್ ಅಳಿಸಬೇಡಿ. ಅವತ್ತು ರಾತ್ರಿ ಯಾರಿಗೆ ಹೇಳಿದಿರಿ? ಅವರ ಹೆಸರು ಸಾಕ್ಷಿಗಳಲ್ಲಿ ಇರಲಿ.

ದೂರು ಬರವಣಿಗೆಯಲ್ಲಿ, ಆರು ಪ್ರತಿ. ಘಟನೆಯಾದ 3 ತಿಂಗಳೊಳಗೆ. ಮೌಲ್ಯಮಾಪನದಿಂದ ಅವರನ್ನು ದೂರ ಇಡಿ ಅಂತ ಅದರಲ್ಲೇ ಕೇಳಿ. ಯುಜಿಸಿ ನಿಯಮದಲ್ಲಿ ಆ ಮಧ್ಯಂತರ ಪರಿಹಾರ ಇದೆ, ಯಾರೂ ಹೇಳಿಕೊಡಲ್ಲ.

ಕಾಲೇಜು ಉಪನ್ಯಾಸಕ: ನಮ್ಮ ಸಮಿತಿಯಲ್ಲಿ ಕುಲಸಚಿವರೇ ಸದಸ್ಯರು. ಸರಿಯಾ?

ವಕೀಲೆ: ಇಲ್ಲ. ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥರು ಯಾರೂ ಇರುವಂತಿಲ್ಲ.

ಎಂಎ ವಿದ್ಯಾರ್ಥಿ: ಮೇಡಂ, ಇದೇ ರೀತಿ ಹುಡುಗನಿಗೆ ಆದರೆ ಯಾರ ಹತ್ತಿರ ಹೋಗಬೇಕು?

ಪೋಷಕರೊಬ್ಬರು: ಈ ಫಾರ್ವರ್ಡ್ ನೋಡಿ: "ದೂರಿಗೆ ಮುಂಚೆ ಆ ವ್ಯಕ್ತಿಗೆ ಫೋನ್ ಮಾಡಿ ನಯವಾಗಿ ಮಾತಾಡಿ, ಕ್ಷಮಾಪಣೆ ಬರೆಸಿಕೊಳ್ಳಿ. ಅದೇ ದೊಡ್ಡ ಸಾಕ್ಷಿ." ಉಪಯೋಗ ಆಗಬಹುದು.

ವಕೀಲೆ: ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಆ ನಯವಾದ ಮಾತನ್ನೇ ನಾಳೆ "ಆಮೇಲೂ ಚೆನ್ನಾಗೇ ಮಾತಾಡಿದಳು" ಅಂತ ಸಮಿತಿ ಮುಂದೆ ಇಡುತ್ತಾರೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಡಿಲೀಟ್ ಮಾಡಿ ಸರ್.

ನಿವೃತ್ತ ಪ್ರಾಂಶುಪಾಲ: ಎರಡೂ ಕಡೆ ಕೇಳಬೇಕು. ದೊಡ್ಡವರ ಹೆಸರು ಕೆಡಿಸುವ ಸುಳ್ಳು ದೂರುಗಳೂ ಇವೆ.

ಉಪನ್ಯಾಸಕ: ಸರ್, ಆ ಹುಡುಗಿ ಇಲ್ಲೇ ಓದ್ತಿದ್ದಾಳೆ. ದೊಡ್ಡವರಿಗೆ ಏನಾಗುತ್ತೆ? 2013ರಲ್ಲಿ ಕೋಲ್ಕತ್ತಾದ ಕಾನೂನು ವಿವಿಯಲ್ಲಿ ಓದಿದ್ದ ಹುಡುಗಿ ನಿವೃತ್ತ ನ್ಯಾಯಮೂರ್ತಿಯೊಬ್ಬರ ಮೇಲೆ ಆರೋಪ ಮಾಡಿದಳು. ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳೇ ಮೇಲ್ನೋಟಕ್ಕೆ ಅನುಚಿತ ವರ್ತನೆ ಕಾಣುತ್ತದೆ ಅಂದರು. ಆಮೇಲೆ ಕೋರ್ಟು ಸುಮ್ಮನಾಯಿತು.

ಪ್ರಾಂಶುಪಾಲ: ಆ ನಿವೃತ್ತ ನ್ಯಾಯಮೂರ್ತಿ ಆರೋಪ ಒಪ್ಪಿರಲಿಲ್ಲ, ಅದನ್ನೂ ಹೇಳಿ. ಅರ್ಧ ಸತ್ಯ ಬೇಡ.

ಉಪನ್ಯಾಸಕ: ನೀವು ಪ್ರಾಂಶುಪಾಲರಾಗಿದ್ದಾಗ ಎಷ್ಟು ದೂರು ಡ್ರಾಯರ್‌ನಲ್ಲಿಟ್ಟಿರಿ, ಅದನ್ನೂ ಹೇಳಿ ಸರ್.

ಪ್ರಾಂಶುಪಾಲ: ನಾಲಿಗೆ ಬಿಗಿ ಹಿಡಿದು ಮಾತಾಡಿ.

ವಕೀಲೆ: ಇಬ್ಬರೂ ನಿಲ್ಲಿಸಿ. ಹೌದು, ಅವರು ನಿರಾಕರಿಸಿದ್ದರು. 2014ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಮಾನವ ಹಕ್ಕು ಆಯೋಗದ ಅಧ್ಯಕ್ಷ ಸ್ಥಾನ ಬಿಟ್ಟರು. ಕೋರ್ಟು ಕೊಟ್ಟ ಕಾರಣ ಏನು? ಘಟನೆ ಹೊತ್ತಿಗೆ ಅವರು ನಿವೃತ್ತರು, ಹುಡುಗಿ ಕೋರ್ಟಿನ ಇಂಟರ್ನ್ ಅಲ್ಲ. "ನಮ್ಮವರಲ್ಲ." ಈ ಹುಡುಗಿಗೆ ಮುಖ್ಯಸ್ಥರು ಹೇಳಿದ್ದೂ ಅದೇ ಮಾತು ಅಲ್ವಾ? ಇನ್ನು ಸುಳ್ಳು ದೂರಿನ ವಿಷಯ: ಸಾಬೀತಾಗಲಿಲ್ಲ ಅಂದ ಮಾತ್ರಕ್ಕೆ ದೂರು ಸುಳ್ಳಾಗುವುದಿಲ್ಲ. 2013ರ ಕಾಯ್ದೆಯ 14ನೇ ಸೆಕ್ಷನ್ ಓದಿಕೊಂಡು ಬನ್ನಿ ಸರ್.

ಗುಂಪಿನ ಇನ್ನೊಬ್ಬ ಸದಸ್ಯೆ: ಹೊರಗಿನವರ ಮೇಲೆ ದೂರು ಕೊಡೋಕಾಗುತ್ತಾ ಮೇಡಂ?

ವಕೀಲೆ: ಮೇಲೆ ಬರೆದಿದ್ದೇನೆ.

ಮತ್ತೊಬ್ಬರು: 3 ತಿಂಗಳು ದಾಟಿದರೆ ಮುಗೀತಾ?

ವಕೀಲೆ: ಇಲ್ಲ. ಕಾರಣ ಬರೆದು ಕೊಟ್ಟರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಪೊಲೀಸ್ ದೂರಿಗೆ ಈ ಗಡುವೇ ಇಲ್ಲ, ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು, ಅದಕ್ಕೇ ಜೀರೋ ಎಫ್‌ಐಆರ್ ಅನ್ನುತ್ತಾರೆ.

ಪೋಷಕರು: ರಾಜಿ ಮಾಡಿಸಿದರೆ ಹುಡುಗಿ ಭವಿಷ್ಯಕ್ಕೆ ಒಳ್ಳೇದಲ್ವಾ?

ವಕೀಲೆ: ರಾಜಿ ಬೇಕು ಅಂತ ಆಕೆ ಕೇಳಬೇಕು. ನೀವಲ್ಲ.

ಎಂಎ ವಿದ್ಯಾರ್ಥಿ: ಮೇಡಂ, ನನ್ನ ಪ್ರಶ್ನೆ?

ಸಂಶೋಧನಾ ವಿದ್ಯಾರ್ಥಿನಿ: ಪತ್ರ ತಗೊಂಡು ಹೋಗಿದ್ದೆ. ಕಚೇರಿಯಲ್ಲಿ ಸೀಲು ಹಾಕಿಕೊಡಲ್ಲ ಅಂದರು. "ಸಾಹೇಬ್ರನ್ನ ಕೇಳಬೇಕು" ಅಂತಾರೆ.

ವಕೀಲೆ: ಸೀಲಿಗೆ ಕಾಯಬೇಡಿ. ಪತ್ರದ ಫೋಟೊ ತೆಗೆದು ಸಮಿತಿ ಅಧ್ಯಕ್ಷೆಗೆ ಈಗಲೇ ಇಮೇಲ್ ಮಾಡಿ, ಕುಲಪತಿ ಕಚೇರಿಗೂ ಒಂದು ಪ್ರತಿ ಹೋಗಲಿ. ನಾಳೆ ಬೆಳಿಗ್ಗೆ ಸ್ಪೀಡ್ ಪೋಸ್ಟ್. ಒಬ್ಬರೇ ಹೋಗಬೇಡಿ, ಗೆಳತಿಯನ್ನು ಕರೆದುಕೊಂಡು ಹೋಗಿ. ನನ್ನ ನಂಬರ್ ನಿಮಗೆ ಪ್ರತ್ಯೇಕವಾಗಿ ಕಳಿಸಿದ್ದೇನೆ. ಎಷ್ಟು ಹೊತ್ತಾದರೂ ಫೋನ್ ಮಾಡಮ್ಮ.