ಕಾರವಾರದ ಹತ್ತು ಜಾಗ, ಹಾಸನದ ಒಂದು ಜಗಳ

ನಮ್ಮ ಮನೆ ವಾಟ್ಸಾಪ್ ಗುಂಪಿನಲ್ಲಿ ಜಗಳ ಆಗುವುದು ಎರಡೇ ವಿಷಯಕ್ಕೆ. ಒಂದು ಜಮೀನು, ಇನ್ನೊಂದು ಪ್ರವಾಸ. ಜಮೀನಿನದು ಇಲ್ಲಿ ಬೇಡ. ಭಾನುವಾರ ಬೆಳಗ್ಗೆ ಪುಟ್ಟಿ ಬೆಂಗಳೂರಿನಿಂದ ಒಂದು ವಿಡಿಯೊ ಹಾಕಿದಳು: ‘ಕಾರವಾರದಲ್ಲಿ ನೋಡಲೇಬೇಕಾದ 10 ಜಾಗ’. ಆಮೇಲೆ ನಡೆದದ್ದು ಕೆಳಗಿದೆ. ಗುಡ್ ಮಾರ್ನಿಂಗ್ ಹೂಗಳನ್ನೂ ಅತ್ತೆ ಕಳಿಸುವ ಕೈಮುಗಿದ ಎಮೋಜಿಗಳನ್ನೂ ಮಾತ್ರ ತೆಗೆದಿದ್ದೇನೆ.

ಪುಟ್ಟಿ: ಎಲ್ಲರೂ ಪೂರ್ತಿ ನೋಡಿ. ಡಿಸೆಂಬರ್ ರಜೆಗೆ ಇಲ್ಲಿಗೇ ಹೋಗೋಣ. ಬೇಡ ಅನ್ನುವವರು ಕಾರಣ ಹೇಳಬೇಕು.

ದೊಡ್ಡಪ್ಪ: ಬೇಡ.

ಪುಟ್ಟಿ: ಕಾರಣ, ದೊಡ್ಡಪ್ಪ?

ದೊಡ್ಡಪ್ಪ: ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿವೆ. ಹೊರದೇಶದವರು ಹುಡುಕಿಕೊಂಡು ಹಾಸನಕ್ಕೆ ಬರುತ್ತಾರೆ. ನಾವು ಮರಳು ನೋಡೋಕೆ ಅಷ್ಟು ದೂರ ಹೋಗಬೇಕಾ? ನೀನು ಹಳೇಬೀಡು ನೋಡಿದ್ದು ಸ್ಕೂಲ್ ಟ್ರಿಪ್‌ನಲ್ಲಿ. ಅದೂ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು.

ಚಿಕ್ಕಪ್ಪ: ನಾನು ಪೂರ್ತಿ ನೋಡಿದೆ. ಕಾರವಾರದ ಹತ್ತು ಜಾಗ ಅಂತೆ! ಅದರಲ್ಲಿ ಗೋಕರ್ಣ ಇದೆ, ಯಾಣ ಇದೆ, ದಾಂಡೇಲಿ ಇದೆ, ಮುರುಡೇಶ್ವರವೂ ಇದೆ. ಮುರುಡೇಶ್ವರ ಕಾರವಾರದಿಂದ ನೂರು ಕಿಲೋಮೀಟರಿಗೂ ಜಾಸ್ತಿ. ಇದು ಹಾಸನದ ಪಟ್ಟಿಯಲ್ಲಿ ಮುಳ್ಳಯ್ಯನಗಿರಿ ಸೇರಿಸಿದ ಹಾಗಾಯಿತು.

ಭಾವ: ಅದನ್ನೂ ಸೇರಿಸುತ್ತಾರೆ ಮಾವ. ನಮ್ಮ ಹೋಂಸ್ಟೇ ಜಾಹೀರಾತಿನಲ್ಲಿ ನಾನೇ ಸೇರಿಸಿದ್ದೇನೆ.

ಚಿಕ್ಕಪ್ಪ ಬ್ಯಾಂಕಿನಲ್ಲಿದ್ದಾಗ ವರ್ಗವಾಗಿ ಕಾರವಾರದಲ್ಲಿ ಕೆಲವು ವರ್ಷ ಇದ್ದವರು. ಹಾಸನವನ್ನು ಬೈದರೆ ನಗುತ್ತಾರೆ, ಕಾರವಾರವನ್ನು ಬೈದರೆ ಫೋನ್ ಮಾಡುತ್ತಾರೆ. ಭಾವನದು ಸಕಲೇಶಪುರದ ಹತ್ತಿರ ಕಾಫಿ ತೋಟ, ತೋಟದೊಳಗೆ ಹೋಂಸ್ಟೇ. ಇಬ್ಬರ ಮಾತನ್ನೂ ಇದನ್ನು ನೆನಪಿಟ್ಟುಕೊಂಡೇ ಓದಬೇಕು.

ಪುಟ್ಟಿ: ಸರಿ ಚಿಕ್ಕಪ್ಪ. ನೀವೇ ಹೇಳಿ, ಊರೊಳಗೆ ಏನಿದೆ?

ಚಿಕ್ಕಪ್ಪ: ಇರುವುದು ಒಂದೇ ಜಾಗ. ಕಾಳಿ ನದಿ ಸಮುದ್ರ ಸೇರುವ ಜಾಗ. ಸೇತುವೆ ಹತ್ತಿರ ನಿಂತರೆ ಒಂದು ಕಡೆ ತುಂಬಿದ ನದಿ, ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ, ಇನ್ನೊಂದು ಕಡೆ ಕಡಲು. ಕಡಲಿನಲ್ಲಿ ಕೂರ್ಮಗಡ, ದೀಪಸ್ತಂಭ ಇರುವ ದೇವಗಡ. ಬೆನ್ನಿಗೆ ಸಹ್ಯಾದ್ರಿ. ಬೇರೆ ಕಡೆ ಬೆಟ್ಟ ನೋಡಿದ ಮೇಲೆ ಬಸ್ಸು ಹತ್ತಿ ಹೋಗಿ ಕಡಲು ನೋಡಬೇಕು. ಇಲ್ಲಿ ಕತ್ತು ತಿರುಗಿಸಿದರೆ ಸಾಕು.

ಚಿಕ್ಕಪ್ಪ: ಇನ್ನೊಂದು. ರವೀಂದ್ರನಾಥ ಟ್ಯಾಗೋರರು ಇಪ್ಪತ್ತು ದಾಟಿದ ಹುಡುಗನಾಗಿದ್ದಾಗ ಇಲ್ಲಿಗೆ ಬಂದಿದ್ದರು. ಅವರ ಅಣ್ಣ ಸತ್ಯೇಂದ್ರನಾಥ ಆಗ ಇಲ್ಲಿ ಜಡ್ಜ್. ಬ್ರಿಟಿಷರ ಕಾಲದ ಐಸಿಎಸ್ ಆಡಳಿತ ಸೇವೆಗೆ ಆಯ್ಕೆಯಾದ ಮೊದಲ ಭಾರತೀಯ ಅವರೇ. ತಮ್ಮ ಇಲ್ಲಿ ಕೂತು ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋದದ್ದನ್ನು ಎಷ್ಟೋ ವರ್ಷ ಆದ ಮೇಲೂ ಮರೆಯದೆ ಬರೆದಿದ್ದಾರೆ. ಅದಕ್ಕೇ ಕಾರವಾರದ ಬೀಚಿಗೆ ಟ್ಯಾಗೋರ್ ಬೀಚ್ ಅಂತ ಹೆಸರು.

ದೊಡ್ಡಪ್ಪ: ಟ್ಯಾಗೋರ್ ಬಂದಿದ್ದರು ಅಂತ ಯಾವ ಟೂರಿಸ್ಟ್ ಬರುತ್ತಾನೆ? ಬಂಗಾಳಿಗಳೂ ಗೋವಾಕ್ಕೇ ಹೋಗುತ್ತಾರೆ.

ಭಾವ: ದೊಡ್ಡಮಾವ ಹೇಳಿದ್ದು ನಿಜ. ಹೆದ್ದಾರಿ 66 ಬೀಚಿನ ಪಕ್ಕದಲ್ಲೇ ಹೋಗುತ್ತದೆ. ಗೋವಾಕ್ಕೆ ಹೋಗುವ ಕಾರು ಅಲ್ಲಿ ನಿಲ್ಲುತ್ತದೆ. ‘ಚಾಪಲ್’ ಯುದ್ಧನೌಕೆಯ ಮುಂದೆ ಒಂದು ಫೋಟೊ, ಎರಡು ಪ್ಲೇಟ್ ಮೀನು, ಮತ್ತೆ ಸ್ಟಾರ್ಟ್. ಕತ್ತಲಾಗುವ ಮೊದಲು ಗಡಿ ದಾಟಿ ಪಾಲೊಲೆಂ. ರೂಮಿನ ದುಡ್ಡು ಗೋವಾಕ್ಕೆ, ಪ್ಲಾಸ್ಟಿಕ್ ಕಾರವಾರಕ್ಕೆ. ಪ್ರವಾಸಿ ಬಂದ ಅನ್ನೋಕೆ ನನ್ನ ಲೆಕ್ಕ ಒಂದೇ. ರಾತ್ರಿ ಅಲ್ಲಿ ಮಲಗಿದನಾ, ಇಲ್ವಾ?

ದೊಡ್ಡಪ್ಪ: ಇದು ಲಾಡ್ಜ್ ನಡೆಸುವವರ ಲೆಕ್ಕ.

ಭಾವ: ಹೌದು ಮಾವ, ನಾನು ನಡೆಸುವುದು ಅದನ್ನೇ. ನಮ್ಮ ಬೇಲೂರೇ ನೋಡಿ. ಬೆಳಗ್ಗೆ ಬೇಲೂರು, ಮಧ್ಯಾಹ್ನದೊಳಗೆ ಹಳೇಬೀಡು, ಆಮೇಲೆ ಗಾಡಿ ಸೀದಾ ಚಿಕ್ಕಮಗಳೂರಿಗೆ. ಗುಡಿ ನಮ್ಮದು, ಊಟ ಹಾಸಿಗೆ ಅವರದು. ಹಾಸನಾಂಬೆಯ ಬಾಗಿಲು ತೆಗೆಯುವ ದಿನಗಳನ್ನು ಬಿಡಿ. ಬೇರೆ ದಿನ ಹಾಸನ ಪೇಟೆಯ ಲಾಡ್ಜಿನಲ್ಲಿ ಇರುವವರು ಯಾರು? ಮದುವೆಗೆ ಬಂದವರು, ಕೋರ್ಟಿಗೆ ಬಂದವರು.

ದೊಡ್ಡಪ್ಪನ ಹೆಸರಿನ ಕೆಳಗೆ ‘ಟೈಪಿಂಗ್’ ಅಂತ ಬಂತು, ಹೋಯಿತು, ಮತ್ತೆ ಬಂತು. ಕೊನೆಗೆ ಬಂದದ್ದು ಚೆನ್ನಕೇಶವ ದೇವಸ್ಥಾನದ ಒಂದು ಫೋಟೊ. ಕೆಳಗೆ ಒಂದಕ್ಷರ ಇಲ್ಲ.

ನಾನು: ಭಾವನ ಲೆಕ್ಕ ನನಗೂ ಒಪ್ಪಿಗೆ. ಹತ್ತು ಜಾಗದ ಪಟ್ಟಿ ಮಾಡುವುದೇ ಬೇಗ ನೋಡಿ ಬೇಗ ಹೊರಡುವವರಿಗೆ. ಕಾರವಾರದಲ್ಲಿ ಸಂಜೆ ಆರರ ಮೇಲೆ ಏನಿದೆ ಅನ್ನುವುದನ್ನು ಆ ವಿಡಿಯೊ ಹೇಳುವುದೇ ಇಲ್ಲ. ಚಿಕ್ಕಪ್ಪ, ಏನಿದೆ?

ಚಿಕ್ಕಪ್ಪ: ಸಂಜೆ ಇಡೀ ಊರು ಬೀಚಿನಲ್ಲೇ ಇರುತ್ತದೆ. ಆಫೀಸು ಮುಗಿಸಿದವರು, ಅಜ್ಜಂದಿರು, ಚೆಂಡಾಡುವ ಹುಡುಗರು. ಅರ್ಧ ಕೊಂಕಣಿ, ಅರ್ಧ ಕನ್ನಡ. ಅದು ಟೂರಿಸ್ಟ್‌ಗಳಿಗೆ ಅಂತ ಮಾಡಿದ ಬೀಚ್ ಅಲ್ಲ, ಊರಿನವರ ಅಂಗಳ. ನಾನು ಹೇಳುವ ಆಕರ್ಷಣೆ ಇದೇ. ಯಾರೂ ನಿಮ್ಮ ಹಿಂದೆ ಬಿದ್ದು ಏನನ್ನೂ ಮಾರುವುದಿಲ್ಲ.

ಪುಟ್ಟಿ: ಅಯ್ಯೋ, ವಾಟರ್ ಸ್ಪೋರ್ಟ್ಸ್ ಇಲ್ವಾ? ಡಾಲ್ಫಿನ್?

ಚಿಕ್ಕಪ್ಪ: ಇದೆಯಮ್ಮಾ. ನದಿಯ ಆಚೆ ದೇವಬಾಗದಲ್ಲಿ ಜಂಗಲ್ ಲಾಡ್ಜಸ್‌ನವರ ರೆಸಾರ್ಟ್ ಇದೆ. ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ಡಾಲ್ಫಿನ್ ಕಂಡರೆ ಕಂಡಿತು. ನಿನ್ನ ಮಗನಿಗೆ ನೌಕೆಯೇ ಸಾಕು. 2006ರಿಂದ ಅದು ಮ್ಯೂಸಿಯಂ. ಈಗ ಪಕ್ಕದಲ್ಲಿ ನೌಕಾಪಡೆಯ ಹಳೆಯ ಟುಪೊಲೆವ್ ವಿಮಾನವನ್ನೂ ತಂದು ನಿಲ್ಲಿಸಿದ್ದಾರೆ. ಮಳೆಗಾಲದಲ್ಲಿ ಮಾತ್ರ ದೋಣಿ ಗೀಣಿ ಏನೂ ಇಲ್ಲ.

ಅತ್ತೆ: ತಮ್ಮಾ, ಸೋಮವಾರ ಶನಿವಾರ ನಾನು ಮೀನು ಮುಟ್ಟಲ್ಲ. ಅವತ್ತು ಏನು ತಿನ್ನಲಿ?

ಚಿಕ್ಕಪ್ಪ: ಅಕ್ಕಾ, ಅನ್ನ, ದಾಳಿತೋಯ, ಸೋಲ್ ಕಡಿ. ಮಿಕ್ಕ ದಿನ ಕಾಣೆ ಮೀನು, ಏಡಿ, ತಿಸ್ರೆ ಅನ್ನುವ ಚಿಪ್ಪು. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ, ಆಗ ಹೋದರೆ ಮೀನಿನ ರೇಟು ನೋಡಿ ನೀನು ವಾರವೆಲ್ಲಾ ಸೋಮವಾರ ಮಾಡುತ್ತೀಯ.

ದೊಡ್ಡಪ್ಪ: ಸೇತುವೆ ಬಿದ್ದ ಊರು ಅದು. ಮರೆತಿರಾ? ಅದೇ ವರ್ಷ ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಅದೇ ದಾರಿ.

ಚಿಕ್ಕಪ್ಪ: 2024ರ ಆಗಸ್ಟ್‌ನಲ್ಲಿ ಬಿದ್ದದ್ದು ಹಳೆಯ ಸೇತುವೆ, ನಡುರಾತ್ರಿ. ಲಾರಿ ನದಿಗೆ ಬಿತ್ತು, ಡ್ರೈವರ್ ಬದುಕಿದ. ಪಕ್ಕದ ಹೊಸ ಸೇತುವೆ ಇದೆ. ಆದರೆ ಗುಡ್ಡದ ವಿಷಯ ನೀನು ಹೇಳಿದ್ದು ಸರಿ ಅಣ್ಣ. ಶಿರೂರಿನಲ್ಲಿ ಜನ ಸತ್ತರು. ಮಳೆಗಾಲದಲ್ಲಿ ಆ ದಾರಿಗೆ ನಾನೂ ಹೋಗು ಅನ್ನಲ್ಲ.

ಭಾವ: ಮಾವ, ನೀವು ಬೀಚ್ ಬೀಚ್ ಅನ್ನುತ್ತೀರಿ. ಅರ್ಗಾ ಕಡೆ ಕರಾವಳಿ ನೌಕಾನೆಲೆಗೆ ಹೋಯಿತು. ಅಂಜುದೀವ್ ದ್ವೀಪಕ್ಕೆ ನಾವು ಸುಮ್ನೆ ಹೋಗೋಕಾಗಲ್ಲ. ಉಳಿದ ಮರಳು ಎಷ್ಟು?

ಪುಟ್ಟಿ: ಅದಕ್ಕೇ ಅಲ್ವಾ ಅಲ್ಲೆಲ್ಲ ಖಾಲಿ ಖಾಲಿ, ಕ್ಲೀನಾಗಿ ಕಾಣುವುದು? ಡ್ರೋನ್ ಶಾಟ್ ಸೂಪರ್.

ಚಿಕ್ಕಪ್ಪ: ಪುಟ್ಟಿ, ಅದು ಖಾಲಿ ಇದ್ದ ಜಾಗ ಅಲ್ಲ. ಸೀಬರ್ಡ್ ಅನ್ನುವ ಆ ನೌಕಾನೆಲೆ ಯೋಜನೆಗೆ ಮನೆ, ಗದ್ದೆ, ದೋಣಿ ಕಟ್ಟುವ ದಡ ಬಿಟ್ಟು ಹೋದವರು ಸಾವಿರಾರು ಕುಟುಂಬ. 1986ರಲ್ಲಿ ಅಡಿಗಲ್ಲು, 2005ರಲ್ಲಿ ನೆಲೆ ಶುರು. ಪರಿಹಾರಕ್ಕೆ ಎಷ್ಟೋ ವರ್ಷ ಕೋರ್ಟು ಅಲೆದರು. ನಮ್ಮ ಬ್ಯಾಂಕಿಗೇ ಬರುತ್ತಿದ್ದರು, ಚೆಕ್ಕು ಬಂತಾ ಅಂತ ಕೇಳೋಕೆ. ಅದಕ್ಕೇ 2020ರಲ್ಲಿ ಬಂದರು ವಿಸ್ತರಣೆಗೆ ಅಲೆತಡೆ ಗೋಡೆ ಕಟ್ಟಲು ಹೊರಟಾಗ ಊರೇ ಬೀದಿಗೆ ಇಳಿಯಿತು. ಇದ್ದ ಒಂದು ಬೀಚೂ ಹೋಗುತ್ತದೆ ಅನ್ನುವ ಭಯ ಮೀನುಗಾರರಿಗಷ್ಟೇ ಅಲ್ಲ, ವಾಕಿಂಗ್ ಹೋಗುವವರಿಗೂ ಇತ್ತು.

ಇಲ್ಲಿ ಗುಂಪು ಸ್ವಲ್ಪ ಹೊತ್ತು ತಣ್ಣಗಾಯಿತು. ಹೇಮಾವತಿ ಅಣೆಕಟ್ಟಿಗೆ ಊರು ಬಿಟ್ಟ ನೆಂಟರು ನಮಗೂ ಇದ್ದಾರೆ. ಶೆಟ್ಟಿಹಳ್ಳಿಯ ಮುಳುಗುವ ಚರ್ಚಿನ ಫೋಟೊಗಳಿಗೆ ಅತ್ತೆ ಲೈಕ್ ಒತ್ತುವುದಿಲ್ಲ. ಪುಟ್ಟಿಗೆ ಇದು ಗೊತ್ತಿರಲಿಕ್ಕಿಲ್ಲ, ಅವಳು ಬೆಳೆದದ್ದು ಬೆಂಗಳೂರಿನಲ್ಲಿ.

ಅತ್ತೆ: ನೀರಿಗೆ ಹೋದರೂ ಒಂದೇ, ನೌಕೆಗೆ ಹೋದರೂ ಒಂದೇ. ಬಿಡಿ ಆ ಮಾತು. ಕೂರ್ಮಗಡದಲ್ಲಿ ನರಸಿಂಹನ ಗುಡಿ ಇದೆ ಅಂದೆಯಲ್ಲಾ ಆವಾಗೊಮ್ಮೆ, ಜಾತ್ರೆ ಯಾವಾಗ?

ಚಿಕ್ಕಪ್ಪ: ಪುಷ್ಯ ಹುಣ್ಣಿಮೆಗೆ ಅಕ್ಕಾ, ಜನವರಿ ಹೊತ್ತಿಗೆ. ಮೀನಿನ ದೋಣಿಗಳನ್ನೇ ಸಿಂಗರಿಸಿ ಅದರಲ್ಲೇ ಜನರನ್ನು ದ್ವೀಪಕ್ಕೆ ಕರೆದುಕೊಂಡು ಹೋಗುತ್ತಾರೆ. ಬಾಳೆಗೊನೆ ಹರಕೆ ಒಪ್ಪಿಸುತ್ತಾರೆ. ಭಾವನ ಲೆಕ್ಕಕ್ಕೆ ಉತ್ತರ ಬೇಕಾದರೆ ಅದೇ ಉತ್ತರ. ಅವತ್ತು ಬರುವವರು ಹಿಂದಿನ ರಾತ್ರಿಯೇ ಬರಬೇಕು.

ಪುಟ್ಟಿ: ಸರಿ, ಡಿಸೆಂಬರ್ ಬೇಡ, ಜಾತ್ರೆಗೇ ಹೋಗೋಣ! ಹೇಗೆ ಹೋಗುವುದು?

ನಾನು: ಪಂಚಗಂಗಾ ಎಕ್ಸ್‌ಪ್ರೆಸ್. ಬೆಂಗಳೂರಿನಿಂದ ನೀನು ಹತ್ತು, ರಾತ್ರಿ ಹಾಸನದಲ್ಲಿ ನಾವು ಹತ್ತುತ್ತೇವೆ, ಭಾವ ಸಕಲೇಶಪುರದಲ್ಲಿ. ಬೆಳಗ್ಗೆ ಕಾರವಾರ.

ಭಾವ: ಜನವರಿಯಲ್ಲಿ ನಾನು ಬರೋಕಾಗಲ್ಲ. ರೋಬಸ್ಟಾ ಕೊಯ್ಲು, ಆಳು ಸಿಗುವುದೇ ಕಷ್ಟ.

ಪುಟ್ಟಿ: ಹಾಗಾದರೆ ಮತ್ತೆ ಡಿಸೆಂಬರ್?

ಭಾವ: ಅರೇಬಿಕಾ ಇರುತ್ತದೆ. ಅದಲ್ಲದೆ ಕೊನೆಯ ವಾರ ಹೋಂಸ್ಟೇ ಪೂರ್ತಿ ಬುಕ್ ಆಗಿದೆ.

ಚಿಕ್ಕಪ್ಪ: ಊರವರೆಲ್ಲ ರಾತ್ರಿ ಬೇರೆ ಕಡೆ ಮಲಗಬೇಕು, ನೀನು ಮಾತ್ರ ತೋಟದಲ್ಲೇ ಮಲಗಬೇಕು. ಚೆನ್ನಾಗಿದೆ ನಿನ್ನ ಲೆಕ್ಕ.

ದೊಡ್ಡಪ್ಪ: ಭಾನುವಾರ ಬೇಲೂರಿಗೆ ಯಾರು ಬರುತ್ತೀರಿ? ನನ್ನ ಕಾರಿನಲ್ಲಿ ಮೂರು ಸೀಟು ಖಾಲಿ ಇದೆ. ಸಂಜೆ ಐದಕ್ಕೆ ಮನೆಗೆ ವಾಪಸ್.